ಹೆಗಲ ಮೇಲೆ ಕಪ್ಪಿದ್ದ ಕೆಂಜಳಿಲು

ಪುಟ್ಟಿ, ಅಪ್ಪು,

ಅಜ್ಜಿ ಪುಣೆಯಲ್ಲಿ ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ ಎಂದು ನಿಮ್ಮ ಅಮ್ಮ ಎಲ್ಲರ ಹತ್ತಿರ ಹೇಳುತ್ತಾಳೆ. ಅದು ಪೂರ್ತಿ ಸರಿಯಲ್ಲ. ನಾನು ಅಲ್ಲಿ ಹಣ್ಣು ಹೆಚ್ಚುವವಳು. ಆದರೆ ಒಂದು ಸಲ ಅಲ್ಲಿ ಒಂದು ಪ್ರಾಣಿಯ ವಿಷಯದಲ್ಲಿ ನಾನು ಬಾಯಿ ಬಿಟ್ಟೆ. ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ನನಗೆ ಇನ್ನೂ ತಿಳಿದಿಲ್ಲ. ಫೋನಿನಲ್ಲಿ ಹೇಳಲು ಹೋದರೆ ನನಗೆ ಮಾತು ಕಟ್ಟಿಕೊಳ್ಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹಡಪಸರದಿಂದ ಸಾಸವಡದ ಬಸ್ಸು ಹತ್ತಿ, ಘಾಟಿ ಏರುವ ಮೊದಲೇ ಇಳಿದು, ಬೇಲಿ ಪಕ್ಕದ ಮಣ್ಣು ದಾರಿಯಲ್ಲಿ ಸ್ವಲ್ಪ ನಡೆದರೆ ಆ ಜಾಗ. ಗಾಯವಾದ ಕಾಡುಪ್ರಾಣಿಗಳನ್ನೂ, ಜನ ಕದ್ದು ಸಾಕಿದವನ್ನೂ ತಂದು ಅಲ್ಲಿ ಇಡುತ್ತಾರೆ. ಗಿಳಿ, ಆಮೆ, ಮಂಗ, ಪುನುಗುಬೆಕ್ಕು. ಒಂದೊಂದಕ್ಕೆ ಒಂದೊಂದು ತಟ್ಟೆ. ಗಿಳಿಗೆ ಪೇರಳೆಯ ಬೀಜ ತೆಗೆಯಬಾರದು, ಮಂಗಕ್ಕೆ ಬಾಳೆಹಣ್ಣನ್ನು ಸಿಪ್ಪೆ ಸಮೇತ ಕೊಡಬೇಕು, ಆಮೆಗೆ ಸೊಪ್ಪು ಸಣ್ಣಗಾಗಬೇಕು. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ ಈಳಿಗೆಮಣೆಯ ಮುಂದೆ ಕೂತರೆ ನನ್ನ ಕೆಲಸ ಮುಗಿಯಿತು. ಯಾರ ಹತ್ತಿರವೂ ಮಾತಾಡಬೇಕಾಗಿಲ್ಲ. ನನಗೆ ಅದೇ ಬೇಕಾಗಿತ್ತು.

ನಿಮ್ಮ ಅಜ್ಜ ಇಲ್ಲಿನ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆಗೆ ಇದ್ದರು. ಹೋಟೆಲಿನ ತರಕಾರಿಯನ್ನು ನಾನು ಮನೆಯಲ್ಲೇ ಹೆಚ್ಚಿ ಕೊಡುತ್ತಿದ್ದೆ. ಹಾಗಾಗಿ ಕೈ ಬೇಗ. ಮನೆಯಲ್ಲಿ ಮಾತಾಡುವವರು ಅವರು, ಹೂಂ ಎನ್ನುವವಳು ನಾನು. ಅವರು ಹೋದ ಮೇಲೆ ಹೂಂ ಎನ್ನುವುದಕ್ಕೂ ಏನೂ ಉಳಿಯಲಿಲ್ಲ. ಬೆಳಿಗ್ಗೆ ಹಾಲಿನವನಿಗೆ ‘ಅರ್ಧಾ ಲೀಟರ್’ ಎಂದರೆ ಮತ್ತೆ ಮರುದಿನ ಬೆಳಿಗ್ಗೆ ‘ಅರ್ಧಾ ಲೀಟರ್’. ಮಂಗಳೂರಿಗೆ ಬಾ ಎಂದು ನಿಮ್ಮ ಅಮ್ಮ ಎಷ್ಟು ಸಲ ಕರೆದಳು. ಅವಳ ಅತ್ತೆ ಮಾವ ಇರುವ ಎರಡು ಕೋಣೆಯ ಮನೆಯಲ್ಲಿ ನಾನು ಎಲ್ಲಿ ಕೂರುವುದು, ಎಲ್ಲಿ ಏಳುವುದು? ಬರುವುದಿಲ್ಲ ಎಂದೆ. ಪಕ್ಕದ ಮನೆಯ ಮರಾಠಿ ಹೆಂಗಸು ಈ ಕೆಲಸದ ಸುದ್ದಿ ತಂದಾಗ ಮಾತ್ರ ತಕ್ಷಣ ಆಗಲಿ ಎಂದೆ.

ಹೋದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಒಂದು ಮರದ ಪೆಟ್ಟಿಗೆ ಬಂತು. ವಿಮಾನ ನಗರದ ಕಡೆ ಯಾರೋ ಫ್ಲ್ಯಾಟಿನ ಬಾಲ್ಕನಿಯಲ್ಲಿ ಸಾಕಿಕೊಂಡಿದ್ದ ದೊಡ್ಡ ಅಳಿಲು. ಇಲ್ಲಿ ಅದಕ್ಕೆ ಶೇಕರು ಎನ್ನುತ್ತಾರೆ. ಈ ರಾಜ್ಯದ ಪ್ರಾಣಿ ಅದು, ನಮಗೆ ಆನೆ ಇದ್ದ ಹಾಗೆ. ನಮ್ಮ ಊರಿನಲ್ಲಿ ಅದು ಕೆಂಜಳಿಲು. ಅಂಗಳದ ಮೂರು ಗೆರೆಯ ಅಳಿಲಿನ ಹಾಗಲ್ಲ, ಬೆಕ್ಕಿಗಿಂತ ಉದ್ದ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಬಾಲವೇ. ಭೀಮಾಶಂಕರದ ಕಾಡಿನಲ್ಲಿ ಮರದಡಿ ಮರಿ ಬಿದ್ದಿತ್ತು, ಅಯ್ಯೋ ಪಾಪ ಅನ್ನಿಸಿ ಎತ್ತಿಕೊಂಡು ಬಂದೆ ಎಂದು ಸಾಕಿದವನು ಹೇಳಿದನಂತೆ. ಹೇಳಿದ್ದನ್ನು ಕಾಗದದಲ್ಲಿ ಹಾಗೇ ಬರೆದುಕೊಂಡರು.

ಎರಡು ದಿನ ಅದು ಏನೂ ತಿನ್ನಲಿಲ್ಲ. ಪಂಜರದ ನೆಲದ ಮೇಲೆ ಇಟ್ಟ ತಟ್ಟೆ ಇಟ್ಟ ಹಾಗೆಯೇ ಅಡುಗೆಮನೆಗೆ ವಾಪಸು ಬರುತ್ತಿತ್ತು. ನಮ್ಮ ಡಾಕ್ಟರು ಚಿಕ್ಕ ಪ್ರಾಯದ ಮರಾಠಿ ಹುಡುಗಿ, ಒಳ್ಳೆಯವಳು. ಅವಳ ಮುಖ ಸಣ್ಣದಾಯಿತು. ಮೂರನೆಯ ದಿನ ನಾನು ಯಾರಿಗೂ ಹೇಳದೆ ಪೇರಳೆಯನ್ನೂ ಹಲಸಿನ ತೊಳೆಯನ್ನೂ ಸೆಣಬಿನ ಹುರಿಗೆ ಕಟ್ಟಿ, ಪ್ರಾಣಿಗಳನ್ನು ನೋಡಿಕೊಳ್ಳುವವನ ಕೈಯಿಂದ ಪಂಜರದ ಮಾಡಿನ ಸರಳಿಗೆ ನೇತುಹಾಕಿಸಿದೆ. ಕೆಂಜಳಿಲು ನೆಲಕ್ಕೆ ಇಳಿಯುವ ಜೀವವಲ್ಲ ಮಕ್ಕಳೇ. ಹುಟ್ಟುವುದು, ತಿನ್ನುವುದು, ಮಲಗುವುದು ಎಲ್ಲ ಮರದ ತುದಿಯಲ್ಲಿ. ಒಂದು ಮರದಿಂದ ಇನ್ನೊಂದಕ್ಕೆ ಹಾರಿಯೇ ಹೋಗಬೇಕು. ಸ್ವಲ್ಪ ಹೊತ್ತಿಗೆ ಅದು ಹಿಂಗಾಲಿನಲ್ಲಿ ಸರಳು ಹಿಡಿದು ತಲೆಕೆಳಗಾಗಿ ಜೋತು, ಎರಡೂ ಕೈಯಲ್ಲಿ ತೊಳೆ ಹಿಡಿದು ತಿನ್ನತೊಡಗಿತು. ಬಾಲ ಇನ್ನೊಂದು ಕಡೆ ತಕ್ಕಡಿಯ ಕಲ್ಲಿನ ಹಾಗೆ ತೂಗುತ್ತಿತ್ತು.

ಆ ಕೆಲಸದವನು ಯಾದಗಿರಿ ಕಡೆಯವನು, ಐವತ್ತರ ಆಸುಪಾಸು. ಇಪ್ಪತ್ತು ವರ್ಷ ಇಲ್ಲಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು, ಬೆನ್ನು ಹಿಡಿದುಕೊಂಡ ಮೇಲೆ ಇಲ್ಲಿ ಸೇರಿದವನು. ಆ ಇಡೀ ಜಾಗದಲ್ಲಿ ನನ್ನ ಹತ್ತಿರ ಕನ್ನಡ ಮಾತಾಡುವವನು ಅವನೊಬ್ಬನೇ.

“ಅಕ್ಕಾರ, ಜೋತಾಡ್ಲಿಕ್ಕತ್ತದ್ರಿ ಅದು! ಜಡ್ಡು ಬಿತ್ತೇನ್ರಿ?”

“ಅದು ಊಟ ಮಾಡುವುದೇ ಹಾಗೆ ಮಾರಾಯ್ರೆ.”

“ನಿಮ್ಮ ಕನ್ನಡ ಕೇಳಿದ್ರ ರೇಡಿಯೋ ಹಚ್ಚಿದಂಗ ಆಗ್ತದ ನೋಡ್ರಿ. ಆದ್ರ ಈ ರೇಡಿಯೋ ದಿನಕ್ಕೊಮ್ಮೆನ ಮಾತಾಡ್ತದ.”

ಅದು ಜೋತಾಡಿದಾಗಲೇ ನಾನು ಅದನ್ನು ಬೆಳಕಿನಲ್ಲಿ ಸರಿಯಾಗಿ ನೋಡಿದ್ದು. ಬೆನ್ನು ಕಾಸಿದ ಬೆಲ್ಲದ ಬಣ್ಣ, ಹೊಟ್ಟೆ ಕೆನೆಯ ಬಣ್ಣ. ಹೆಗಲ ಮೇಲೆ ಮಾತ್ರ ಕಪ್ಪು. ಸೊಂಟದ ಮೇಲೂ ಕಪ್ಪು, ಬಾಲವೂ ಕಪ್ಪು. ನನ್ನ ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟೆ. ಆ ಕಪ್ಪು ನನಗೆ ಗೊತ್ತಿತ್ತು.

ನನ್ನ ಊರು ಸುಬ್ರಹ್ಮಣ್ಯದಿಂದ ಆಚೆ, ಘಟ್ಟದ ಬುಡದಲ್ಲಿ. ಶಾಲೆ ಎಂದರೆ ಎರಡು ಕೋಣೆ. ನಾನು ಏಳನೆಯ ತರಗತಿಯವರೆಗೆ ಕಿಟಕಿಯ ಪಕ್ಕದಲ್ಲೇ ಕೂತವಳು, ಏಕೆಂದರೆ ಮಾಷ್ಟ್ರು ಆ ಕಡೆ ಕಡಿಮೆ ನೋಡುತ್ತಿದ್ದರು. ಕಿಟಕಿಯಾಚೆ ಕಾಡುಮರಗಳು. ಅಲ್ಲಿ ಒಂದು ಕೆಂಜಳಿಲು ಕಡ್ಡಿ, ಎಲೆ ತಂದು ತಂದು ಗೂಡು ಕಟ್ಟುತ್ತಿತ್ತು. ಮಂಗವಾಗಲಿ ಬೆಕ್ಕಾಗಲಿ ಕಾಲಿಟ್ಟರೆ ಮುರಿಯುವಂಥ ಸಪೂರ ಗೆಲ್ಲಿನ ತುದಿಯಲ್ಲೇ ಕಟ್ಟಬೇಕು ಅದಕ್ಕೆ. ಒಂದಲ್ಲ, ಏಳು ಗೂಡು ಎಣಿಸಿದ್ದೆ. ಒಂದು ದಿನ ಮಾಷ್ಟ್ರು ಮಗ್ಗಿ ಕೇಳಿದರು. ನಾನು ಗಾಬರಿಯಲ್ಲಿ “ಏಳು ಗೂಡು, ಒಂದೇ ಅಳಿಲು ಸರ್” ಎಂದುಬಿಟ್ಟೆ. ಇಡೀ ತರಗತಿ ನಕ್ಕಿತು. ಆಮೇಲೆ ಶಾಲೆ ಬಿಡುವವರೆಗೂ ಎಲ್ಲರೂ ನನ್ನನ್ನು ‘ಏಳು ಗೂಡು’ ಎಂದೇ ಕರೆದರು. ನಾನು ತರಗತಿಯಲ್ಲಿ ಬಾಯಿ ಬಿಟ್ಟಿದ್ದು ಬಹುಶಃ ಅದೇ ಕೊನೆ.

ಆ ಅಳಿಲು ನಮ್ಮ ತೆಂಗಿನ ಮರಕ್ಕೂ ಬಂದು ಬೊಂಡಕ್ಕೆ ತೂತು ಕೊರೆಯುತ್ತಿತ್ತು. ಹದ್ದಿನ ನೆರಳು ಬಿದ್ದರೆ ಓಡುತ್ತಿರಲಿಲ್ಲ, ಗೆಲ್ಲಿಗೆ ಅಂಟಿಕೊಂಡು ತೊಗಟೆಯ ಹಾಗೆ ಆಗಿಬಿಡುತ್ತಿತ್ತು. ಹದ್ದು ಹೋದ ಮೇಲೂ ಎಷ್ಟೋ ಹೊತ್ತು ಹಾಗೆಯೇ. ನಾನು ಅದನ್ನು ಅಷ್ಟು ನೋಡಿದ್ದೇನೆ. ಅದರ ಹೆಗಲಿನ ಕಪ್ಪು ಕಣ್ಣು ಮುಚ್ಚಿದರೂ ಕಾಣುತ್ತದೆ.

ಭೀಮಾಶಂಕರದ್ದನ್ನೂ ನೋಡಿದ್ದೇನೆ. ನಿಮ್ಮ ಅಜ್ಜನ ಹೋಟೆಲಿನವರೆಲ್ಲ ಸೇರಿ ಒಮ್ಮೆ ಅಲ್ಲಿಗೆ ದೇವರ ದರ್ಶನಕ್ಕೆ ಹೋಗಿದ್ದೆವು. ಗುಡಿಯ ಹಿಂದೆ ಜನ ಮೇಲೆ ಬೆರಳು ತೋರಿಸಿ ಶೇಕರು ಶೇಕರು ಎಂದು ಕೂಗುತ್ತಿದ್ದರು. ನೋಡಿದರೆ ಮೈಯೆಲ್ಲ ಒಂದೇ ಕಂದು, ಬಾಲದ ತುದಿ ಬೆಳ್ಳಗೆ. ಕಪ್ಪಿನ ಸುಳಿವೇ ಇಲ್ಲ.

“ಇದು ನಮ್ಮ ಊರಿನದ್ದಲ್ಲ” ಎಂದೆ ನಾನು.

“ಪುಣೆಗೆ ಬಂದು ಬಣ್ಣ ಬಿಟ್ಟಿದೆ ಮಾರಾಯ್ತಿ, ನನ್ನ ಹಾಗೆ” ಎಂದು ನಿಮ್ಮ ಅಜ್ಜ ತಲೆಯ ನರೆ ಸವರಿಕೊಂಡು ನಕ್ಕರು.

ಈಗ ಪಂಜರದಲ್ಲಿದ್ದದ್ದು ಅಲ್ಲಿನದ್ದಲ್ಲ. ಸಾಕಿದವನು ಸುಳ್ಳು ಹೇಳಿದ್ದ. ಯಾರೋ ನಮ್ಮ ಕಡೆಯ ಘಟ್ಟದಿಂದ ಮರಿ ಹಿಡಿದು ತಂದು ಅವನಿಗೆ ಮಾರಿರಬೇಕು. ಅಷ್ಟರಲ್ಲಿ ಅದು ಚೆನ್ನಾಗಿ ತಿಂದು ಮೈ ತುಂಬಿಕೊಂಡಿತ್ತು. ಪಂಢರಪುರದ ಪಾಲಖಿ ಮೆರವಣಿಗೆ ದಾಟಿದ ಮೇಲೆ ರಸ್ತೆ ಖಾಲಿಯಾಗುತ್ತದೆ, ಆಗ ಭೀಮಾಶಂಕರಕ್ಕೆ ಕೊಂಡುಹೋಗಿ ಬಿಡುವುದು ಎಂದು ತೀರ್ಮಾನವಾಯಿತು. ನನಗೆ ಉಳಿದದ್ದು ನಾಲ್ಕು ದಿನ.

ಹೇಳಬೇಕು ಎಂದು ಡಾಕ್ಟರ ಕೋಣೆಯ ಬಾಗಿಲಿಗೆ ಹೋದೆ. ಅವಳು ತಲೆ ಎತ್ತಿ “ಕಾಯ ಮಾವಶಿ?” ಎಂದಳು. ಏನು ಚಿಕ್ಕಮ್ಮ ಎಂದು. “ಕಾಹೀ ನಾಹೀ” ಎಂದು, ಏನೂ ಇಲ್ಲ ಎಂದು, ಖಾಲಿ ತಟ್ಟೆ ತೆಗೆದುಕೊಂಡು ಬಂದುಬಿಟ್ಟೆ. ಮರುದಿನವೂ ಅದೇ ಆಯಿತು. ಆ ದಿನ ಅಲ್ಲಿ ತೆಗೆದುಕೊಳ್ಳಲು ತಟ್ಟೆಯೇ ಇರಲಿಲ್ಲ, ಬರಿಗೈಯಲ್ಲಿ ಬಂದಿದ್ದೆ ಎಂದು ಆಮೇಲೆ ನೆನಪಾಯಿತು. ಪುಣೆಗೆ ಬಂದು ನಲವತ್ತು ವರ್ಷವಾಗಿದೆ. ನನ್ನ ಮರಾಠಿ ತರಕಾರಿ ಗಾಡಿಯ ಹತ್ತಿರ ಶುರುವಾಗಿ ಅಲ್ಲಿಯೇ ಮುಗಿಯುತ್ತದೆ.

ಯಾದಗಿರಿಯವನಿಗೆ ಹೇಳಿದೆ. ನನ್ನ ಬದಲು ನೀವೇ ಹೇಳಿ ಎಂದೆ.

“ನಾ ಹೇಳಿದ್ರ ಕೇಳ್ತಾರೇನ್ರಿ? ಕಾಗದದಾಗ ಬರದದ. ಮತ್ತ, ಎಲ್ಲಿ ಬಿಟ್ರೂ ಕಾಡಽ ಅಲ್ಲೇನ್ರಿ ಅಕ್ಕಾರ? ಅದಕ್ಕೇನು ತಿಳೀತದ, ಇದು ಯಾವ ರಾಜ್ಯ ಅಂತ?”

ಎಲ್ಲಿ ಬಿಟ್ಟರೂ ಕಾಡೇ. ನನ್ನ ಮದುವೆಯಲ್ಲಿ ನಮ್ಮ ಸೋದರಮಾವನೂ ಹೀಗೆಯೇ ಹೇಳಿದ್ದರು, ಎಲ್ಲಿ ಹೋದರೂ ಒಲೆ ಒಲೆಯೇ ಅಲ್ಲವಾ ಎಂದು. ಒಲೆ ಒಲೆಯೇ, ಸುಳ್ಳಲ್ಲ. ಆದರೆ ಸುತ್ತಲಿನವರು ಏನು ಮಾತಾಡುತ್ತಿದ್ದಾರೆ ಎಂದು ಹತ್ತು ವರ್ಷ ತಿಳಿಯದೆ ನಗುತ್ತಾ ಕೂರುವುದು ಹೇಗಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಕೆಂಜಳಿಲಿಗೆ ದೊಡ್ಡ ಕೂಗು ಇದೆ. ಅದು ಕಟಕಟ ಕೂಗಿದರೆ ಗುಡ್ಡದ ಆಚೆಯದ್ದು ಉತ್ತರ ಕೊಡುತ್ತದೆ. ಇಲ್ಲಿನವುಗಳ ಕೂಗು ಬೇರೆಯೋ ಒಂದೇ ಥರವೋ ನನಗೆ ತಿಳಿಯದು. ಬೇರೆಯಾದರೆ ಎಂದು ಯೋಚಿಸಿ ನನಗೆ ಅನ್ನ ಸೇರಲಿಲ್ಲ.

ಪಾಲಖಿಯ ದಿನ ಬಸ್ಸಿಲ್ಲ. ಜ್ಞಾನೇಶ್ವರರ ಪಾದುಕೆಗಳ ಜೊತೆ ಲಕ್ಷಗಟ್ಟಲೆ ಜನ ಪಂಢರಪುರಕ್ಕೆ ನಡೆದು ಹೋಗುತ್ತಾರೆ, ಆ ದಿನ ಸಾಸವಡದ ರಸ್ತೆ ಪೂರ್ತಿ ಅವರದ್ದು. ಆದರೆ ಪ್ರಾಣಿಗಳ ಹಸಿವು ಕೇಳುತ್ತದೆಯೇ? ನಾನೂ ಅವರ ನಡುವೆ ನಡೆದೆ. ತಾಳ, ಮೃದಂಗ, ಹಾಡು, ಪಕ್ಕದವರ ಮಾತು ಪಕ್ಕದವರಿಗೆ ಕೇಳುತ್ತಿರಲಿಲ್ಲ. ಆಗ ನನಗೆ ಅನ್ನಿಸಿತು, ಇಲ್ಲಿ ನಾನು ಎಷ್ಟು ಗಟ್ಟಿಯಾಗಿ ಮಾತಾಡಿದರೂ ಯಾರಿಗೂ ಕೇಳಿಸುವುದಿಲ್ಲ ಎಂದು. ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡೆ. ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ. “ಹೇ ಭೀಮಾಶಂಕರಚಂ ನಾಹೀ.” ಇದು ಭೀಮಾಶಂಕರದ್ದಲ್ಲ. “ಮಾಝ್ಯಾ ಗಾವಾಕಡಚಂ ಆಹೇ.” ನನ್ನ ಊರ ಕಡೆಯದ್ದು. ನನ್ನ ಸ್ವರ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಪಕ್ಕದಲ್ಲಿ ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತು ನಡೆಯುತ್ತಿದ್ದ ಒಬ್ಬ ಮುದುಕಿ ತಿರುಗಿ ನೋಡಿದಳು. ನಾಚಿಕೆಯಿಂದ ಸಾಯುವ ಹಾಗಾಯಿತು. ಅವಳು ನಕ್ಕು, “ಹೋ ಮಾವುಲಿ, ಹೋ” ಎಂದಳು. ಹೌದು ತಾಯಿ, ಹೌದು. ಆ ದಾರಿಯಲ್ಲಿ ಎಲ್ಲರೂ ಎಲ್ಲರಿಗೂ ಮಾವುಲಿ ಎನ್ನುತ್ತಾರೆ. ಅವಳಿಗೆ ಏನು ಕೇಳಿಸಿತೋ. ಅಷ್ಟು ದಿನಗಳಲ್ಲಿ ನನ್ನ ಮಾತಿಗೆ ಹೌದು ಎಂದವಳು ಅವಳೊಬ್ಬಳು.

ಡಾಕ್ಟರ ಕೋಣೆಗೆ ಹೋದಾಗ ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು. ಅವಳು ಮಾಮೂಲಿನಂತೆ “ಕಾಯ ಮಾವಶಿ?” ಎಂದಳು. ನಾನು ಹೋಗಿ ಅವಳ ಮಣಿಕಟ್ಟು ಹಿಡಿದೆ. ಆಫೀಸಿನವರ ಮೈ ಮುಟ್ಟಿದ್ದು ಅದೇ ಮೊದಲು. ಹೊರಗೆ ಗೋಡೆಯ ಮೇಲೆ ಶೇಕರುವಿನ ದೊಡ್ಡ ಚಿತ್ರವಿದೆ, ಶಾಲೆಯ ಮಕ್ಕಳು ಬಂದಾಗ ತೋರಿಸುವುದಕ್ಕೆ. ಅದರ ಮುಂದೆ ನಿಲ್ಲಿಸಿ, ಚಿತ್ರದ ಹೆಗಲಿನ ಮೇಲೆ ಬೆರಳಿಟ್ಟೆ. ಕಂದು. ಆಮೇಲೆ ಹಾಗೆಯೇ ಎಳೆದುಕೊಂಡು ಪಂಜರದ ಹತ್ತಿರ ಹೋಗಿ ಅದರ ಹೆಗಲು ತೋರಿಸಿದೆ. ಕಪ್ಪು.

“ಹೇ ತೇ ನಾಹೀ” ಎಂದೆ. ಇದು ಅದಲ್ಲ.

ಡಾಕ್ಟರು ಎಷ್ಟೋ ಹೊತ್ತು ಮೇಲೆ ನೋಡುತ್ತ ನಿಂತಳು. ಆಮೇಲೆ ಚಿತ್ರದ ಹತ್ತಿರ ವಾಪಸು ಹೋಗಿ ನೋಡಿ ಬಂದಳು.

“ಅಯ್ಯೋ, ನಾವು ಯಾರೂ ನೋಡಲೇ ಇಲ್ಲ ಮಾವಶಿ” ಎಂದು ಮರಾಠಿಯಲ್ಲಿ ಹೇಳಿದಳು. “ನೀವು ಮೊದಲೇ ಯಾಕೆ ಹೇಳಲಿಲ್ಲ?”

ನಾನು ಪಂಜರದ ಕೆಳಗೆ ಬಿದ್ದಿದ್ದ ಸಿಪ್ಪೆ ಆರಿಸತೊಡಗಿದೆ.

ಅವಳು ಫೋಟೋ ತೆಗೆದು ತಿಳಿದವರಿಗೆ ಕಳಿಸಿದಳು. ಇದು ದಕ್ಷಿಣದ ಘಟ್ಟದ್ದೇ ಎಂದು ಉತ್ತರ ಬಂತು. ಅವಳು ನನಗೆ ಬಿಡಿಸಿ ಹೇಳಿದಳು. ಕೆಂಜಳಿಲು ನಮ್ಮ ದೇಶ ಬಿಟ್ಟರೆ ಬೇರೆಲ್ಲೂ ಇಲ್ಲವಂತೆ. ಆದರೆ ಮರದ ಮೇಲಿನ ಜೀವವಾದ್ದರಿಂದ ಮರ ಮುಗಿದಲ್ಲಿ ಅದರ ಲೋಕವೂ ಮುಗಿಯುತ್ತದೆ. ನಡುವೆ ಬಯಲು, ಹೊಲ, ಊರು ಬಂದರೆ ದಾಟಲಾರದು. ಹಾಗಾಗಿ ಒಂದೊಂದು ಕಾಡಿನದ್ದು ಅಲ್ಲಲ್ಲೇ ಉಳಿದು, ಕಾಲಾಂತರದಲ್ಲಿ ಒಂದೊಂದು ಬಣ್ಣವಾಗಿದೆ. ಭೀಮಾಶಂಕರದಲ್ಲಿ ಉಳಿದಿರುವುದಕ್ಕೆ, ದೇವರ ಹೆಸರಿನಲ್ಲಿ ಜನ ಕೊಡಲಿ ಹಾಕದೆ ಬಿಟ್ಟ ಬನಗಳೂ ಒಂದು ಕಾರಣವಂತೆ. ಒಂದರ ನಡುವೆ ಇನ್ನೊಂದನ್ನು ತಂದು ಬಿಡುವುದು ಸರಿಯಲ್ಲ ಎಂದಳು. ನನಗೆ ಸಮಾಧಾನವಾಯಿತು. ಮನೆಗೆ ಬಂದು ಪಾಯಸ ಮಾಡಿಕೊಂಡೆ. ಒಬ್ಬಳಿಗೆ ಪಾಯಸ ಮಾಡುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಎಷ್ಟು ಕಡಿಮೆ ಹಾಕಿದರೂ ಹೆಚ್ಚಾಗುತ್ತದೆ.

ಸಮಾಧಾನ ಬಹಳ ದಿನ ಉಳಿಯಲಿಲ್ಲ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಕಾಡುಪ್ರಾಣಿ ಕಳಿಸಬೇಕಾದರೆ ಎರಡೂ ಕಡೆಯ ಒಪ್ಪಿಗೆ ಬೇಕು. ಕಾಗದ ಹೋಯಿತು, ವಾಪಸು ಬಂತು, ಮತ್ತೆ ಹೋಯಿತು. ಆಷಾಢ ಮುಗಿಯಿತು, ಶ್ರಾವಣ ಮುಗಿಯಿತು. ಅದು ಪಂಜರದಲ್ಲೇ ಇತ್ತು. ಗಣಪತಿಯ ದಿನಗಳಲ್ಲಿ ಊರೆಲ್ಲ ಡೋಲು ಬಡಿಯುವಾಗ ಅದು ಮೂಲೆಯ ಮರದ ತುಂಡಿಗೆ ಅಂಟಿ ಕೂತಿತು. ನಾನು ತಟ್ಟೆ ಕೊಂಡುಹೋದಾಗಲೂ, ಕೆಲಸ ಮುಗಿಸಿ ಹೊರಟಾಗಲೂ ಅದೇ ಜಾಗದಲ್ಲಿ, ಹಾಗೆಯೇ. ಹದ್ದು ಹೋಗುವುದನ್ನು ಕಾಯುತ್ತಿತ್ತು. ಡೋಲು ಹತ್ತು ದಿನ ನಿಲ್ಲಲಿಲ್ಲ.

“ಅಕ್ಕಾರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ” ಎಂದ ಯಾದಗಿರಿಯವನು. “ನೀವು ಅವತ್ತ ಬಾಯಿ ಮುಚ್ಕೊಂಡಿದ್ರ ಇಷ್ಟೊತ್ತಿಗೆ ಅದು ಗಿಡದ ಮ್ಯಾಲ ಇರ್ತಿತ್ತು.”

ಸಿಟ್ಟು ಬರಲಿಲ್ಲ. ಅವನು ಹೇಳಿದ್ದು ನಿಜ. ಜೀವನವಿಡೀ ಬಾಯಿ ಮುಚ್ಚಿಕೊಂಡವಳು ಒಮ್ಮೆ ತೆರೆದೆ, ಅದರಿಂದ ಒಂದು ಜೀವ ನಾಲ್ಕು ತಿಂಗಳು ಸರಳಿನ ಒಳಗೆ ಕೂತಿತು. ದಿನಾ ಕಾಡಿನ ಸೊಪ್ಪು, ಕಡ್ಡಿ ಹುಡುಕಿ ತಂದು ಹಾಕಿದೆ. ಗೂಡು ಕಟ್ಟುವುದನ್ನು ಮರೆಯದಿರಲಿ ಎಂದು. ಅದು ಕಡ್ಡಿ ಎತ್ತಿಕೊಳ್ಳುತ್ತಿತ್ತು, ಎಲ್ಲಿ ಇಡಬೇಕೆಂದು ತಿಳಿಯದೆ ಬಿಡುತ್ತಿತ್ತು. ಬಾಲ್ಕನಿಯಲ್ಲಿ ಬೆಳೆದದ್ದಲ್ಲವೇ, ಕಲಿಸುವ ತಾಯಿ ಇರಲಿಲ್ಲ. ಕೆಂಜಳಿಲು ಒಂಟಿಯಾಗಿಯೇ ಬದುಕುವುದು, ಅದಕ್ಕೆ ಜೊತೆ ಬೇಕಿಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದಳು. ಅದರ ಸ್ವಭಾವ ಅದು. ಇರಲಿ. ನಾನೂ ಒಬ್ಬಳೇ ಇರುತ್ತೇನೆ ಎಂದು ಜನ ನನಗೂ ಅದೇ ಸ್ವಭಾವ ಎಂದುಕೊಳ್ಳುತ್ತಾರೆ. ನನ್ನದು ಸ್ವಭಾವವಲ್ಲ ಮಕ್ಕಳೇ. ಬೆಳಿಗ್ಗೆ ಅದರ ಪಂಜರದ ಹತ್ತಿರ ನಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ. ಕನ್ನಡದಲ್ಲಿ ಏನೇನೋ ಹೇಳುತ್ತಿದ್ದೆ. ಅದು ಬೇಗ ಹೋಗಲಿ ಎಂದೂ, ಈ ವಾರ ಹೋಗದಿರಲಿ ಎಂದೂ ಒಂದೇ ಬಾಯಲ್ಲಿ ಬೇಡಿಕೊಂಡ ದಿನಗಳಿವೆ. ಅದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ.

ಕಾರ್ತಿಕದಲ್ಲಿ ಒಪ್ಪಿಗೆ ಬಂತು. ಗಾಡಿ ಹೊರಡುವ ಹಿಂದಿನ ದಿನ ಡಾಕ್ಟರು ಅಡುಗೆಮನೆಗೇ ಬಂದು, “ಮಾವಶಿ, ನೀವೂ ಬನ್ನಿ. ನಿಮ್ಮ ಊರ ಹತ್ತಿರದ ಕಾಡೇ. ಗಾಡಿಯಲ್ಲಿ ಜಾಗ ಇದೆ” ಎಂದಳು.

“ನಕೋ” ಎಂದೆ. ಬೇಡ. ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟಿತು. ನಲವತ್ತು ವರ್ಷದಿಂದ ಯಾರು ಏನು ಕೊಟ್ಟರೂ ಮೊದಲು ನಕೋ ಎನ್ನುವುದು ಅಭ್ಯಾಸ. ನಮ್ಮ ಕಡೆಯವರಾದರೆ ಎರಡನೆಯ ಸಲ ಕೇಳುತ್ತಾರೆ, ಮೂರನೆಯ ಸಲ ಕೈ ಹಿಡಿದು ಎಳೆಯುತ್ತಾರೆ. ಅವಳು ಹುಡುಗಿ, ನನ್ನ ಮಾತನ್ನು ನಂಬಿದಳು. ಸರಿ ಎಂದು ಹೋದಳು. ಆ ಗಾಡಿ ಮಂಗಳೂರಿನ ಮೇಲೆಯೇ ಹೋಗಿದೆ. ನಿಮ್ಮನ್ನು ನೋಡಿ ಬರಬಹುದಿತ್ತು.

ಅಲ್ಲಿ ಕಾಡಿನೊಳಗೆ ದೊಡ್ಡ ಮರವೊಂದನ್ನು ಸೇರಿಸಿಕೊಂಡು ಬಲೆಯ ಮನೆ ಕಟ್ಟಿ ಅದನ್ನು ಇಟ್ಟರಂತೆ. ಕೆಲವು ವಾರ ಬಿಟ್ಟು ಮೇಲಿನ ಬಾಗಿಲು ತೆರೆದರು. ಎರಡು ದಿನ ಹೊರಗೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಲೆಯ ಮನೆ ಖಾಲಿ. ಮೇಲೆ ಎಲೆ ಅಲುಗಿದ್ದನ್ನು ಕಾವಲುಗಾರ ನೋಡಿದನಂತೆ, ಪ್ರಾಣಿಯನ್ನು ನೋಡಲಿಲ್ಲ. ಆಮೇಲೂ ಯಾರೂ ನೋಡಿಲ್ಲ. ಬದುಕಿದೆಯೇ ಎಂದು ಡಾಕ್ಟರನ್ನು ಕೇಳಿದೆ, ನಾನೇ ಹೋಗಿ, ಮರಾಠಿಯಲ್ಲಿ. ಗೊತ್ತಿಲ್ಲ ಮಾವಶಿ, ಗೊತ್ತಾಗುವುದೂ ಇಲ್ಲ ಎಂದಳು. ಅವಳು ಸುಳ್ಳು ಹೇಳದ್ದು ಒಳ್ಳೆಯದಾಯಿತು.

ಇಲ್ಲಿನ ಕಾಗದಗಳಲ್ಲಿ ‘ಕಳಿಸಲಾಗಿದೆ’ ಎಂದಷ್ಟೇ ಇದೆ. ಅದು ಏನು ತಿನ್ನುತ್ತಿತ್ತು, ಯಾವ ಸದ್ದಿಗೆ ಹೆದರುತ್ತಿತ್ತು, ಯಾರ ಮಾತಿನಿಂದ ಅಷ್ಟು ದಿನ ಕಾಯಬೇಕಾಯಿತು ಎಂದು ಎಲ್ಲೂ ಬರೆದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆದೆ. ಈ ಹಾಳೆಗಳನ್ನು ಹಾಗೇ ಬಿಡಬೇಡಿ. ನಿಮ್ಮ ಕಡೆ ಮಳೆಗಾಲದಲ್ಲಿ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ. ಅಮ್ಮನ ಪಟ್ಟೆ ಸೀರೆಗಳ ನಡುವೆ, ಕಪಾಟಿನ ಮೇಲಿನ ಖಾನೆಯಲ್ಲಿ ಇಡಿ. ವರ್ಷಕ್ಕೊಮ್ಮೆ ಅವಳು ಸೀರೆಗಳನ್ನು ಬಿಸಿಲಿಗೆ ಹಾಕುವಾಗ ಇವನ್ನೂ ಹಾಕಿ.